ರಾಯಚೂರು ಯುದ್ಧ: ನೆಪ ಮತ್ತು ಕಾರಣ

ಕೃಷ್ಣೆಯ ಮಗ್ಗುಲಿಗೆ ದೇವದುರ್ಗ, ತುಂಗಭದ್ರೆಯ ಮಗ್ಗುಲಿಗೆ ಮಾನ್ವಿ. ಈ ಎರಡು ನದಿಗಳ ನಡುವಣ ಫಲವತ್ತಾದ ನೆಲಕ್ಕಾಗಿ ಅರಸರು ತಲೆತಲಾಂತರ ಕಾದಾಡಿದರೆಂಬುದು ನಮ್ಮ ವಿದ್ಯಾರ್ಥಿಗಳೆಲ್ಲ ಬಲ್ಲ ಸಂಗತಿ. ಆದರೆ ಯುದ್ಧಕ್ಕೆ ಅರಸರು ಸಾರುವ ಕಾರಣವೇ ನಿಜವಾದ ಕಾರಣವೇ? ಈ ಪ್ರಶ್ನೆಯನ್ನು ನಾವು ತರಗತಿಯಲ್ಲಿ ಕೇಳುವುದು ವಿರಳ. 1520ರ ರಾಯಚೂರು ಯುದ್ಧ ಅದಕ್ಕೆ ಮನೆಯಂಗಳದಲ್ಲಿಯೇ ದೊರೆಯುವ ಉದಾಹರಣೆ.

ಪೋರ್ಚುಗೀಸ್ ಬರಹಗಾರ ನೂನಿಜ್ ಈ ಯುದ್ಧದ ವೃತ್ತಾಂತವನ್ನು ವಿವರವಾಗಿ ಬರೆದಿದ್ದಾನೆ. ಕುದುರೆ ಕೊಳ್ಳಲೆಂದು ಕೃಷ್ಣದೇವರಾಯನು ಒಬ್ಬ ವರ್ತಕನ ಕೈಯಲ್ಲಿ 40,000 ಪರದಾವು ಹಣವಿತ್ತು ಗೋವೆಗೆ ಕಳುಹಿಸಿದನು. ವರ್ತಕನು ಹಣದೊಡನೆ ಬಿಜಾಪುರದ ಆದಿಲಶಾಹನ ಆಶ್ರಯ ಸೇರಿದನು; ಆದಿಲಶಾಹನು ಅವನನ್ನು ಒಪ್ಪಿಸಲಿಲ್ಲ. ಇಷ್ಟು ಅಲ್ಪ ಮೊತ್ತಕ್ಕಾಗಿ ಯುದ್ಧ ತರವಲ್ಲ, ಲೋಕ ಏನೆಂದೀತು ಎಂದು ಮಂತ್ರಿಗಳು ಬಿನ್ನವಿಸಿಕೊಂಡರು. ಅರಸನ ನಿರ್ಧಾರ ಅಚಲವೆಂದು ಕಂಡಾಗ, ಹಾಗಾದರೆ ರಾಯಚೂರಿನ ಮೇಲೆ ನಡೆಯಿರಿ, ಅದು ಹಿಂದೆ ನಮ್ಮದೇ ಆಗಿತ್ತು ಎಂದರು. ಓಡಿಹೋದ ವರ್ತಕನು ರಾಯಚೂರಿನಲ್ಲಿರಲಿಲ್ಲ! ರಾಯಚೂರನ್ನು ಮರಳಿ ಪಡೆಯಬೇಕೆಂದು ಸಾಳುವ ನರಸಿಂಹನು ಮರಣಕಾಲದಲ್ಲಿ ವಿಧಿಸಿದ್ದನೆಂದು ನೂನಿಜನೇ ಹೇಳುತ್ತಾನೆ. ಹಣ ನೆಪ, ನೆಲ ಮತ್ತು ಕೋಟೆ ಕಾರಣ.

ಗೆದ್ದ ರಾಯನು ಊರವರಿಗೆ ಅಭಯವಿತ್ತನೆಂಬುದು ಸ್ಮರಣೀಯ. ಆದರೆ ಯುದ್ಧ ಅಲ್ಲಿಗೆ ನಿಲ್ಲಲಿಲ್ಲ. ಬಿಜಾಪುರ, ಕಲಬುರಗಿಗಳತ್ತ ಸಾಗಿ, ಸೆರೆಯಲ್ಲಿದ್ದ ಬಹಮನಿ ರಾಜಕುಮಾರರಲ್ಲಿ ಹಿರಿಯನಿಗೆ ಪಟ್ಟ ಕಟ್ಟಿ, ಉಳಿದಿಬ್ಬರನ್ನು ತನ್ನೊಡನೆ ಕರೆದೊಯ್ದನು. ‘ಯವನರಾಜ್ಯ ಸ್ಥಾಪನಾಚಾರ್ಯ’ ಎಂಬ ಬಿರುದೂ ಆತನಿಗಿದೆ. ಬಹಮನಿಗಳ ಅಧೀನದಿಂದ ಸಿಡಿದು ಸ್ವತಂತ್ರರಾದವರು ಆದಿಲಶಾಹಿಗಳು. ಅವರ ಹಳೆಯ ಒಡೆಯನ ವಂಶವನ್ನು ಎತ್ತಿ ನಿಲ್ಲಿಸುವುದೆಂದರೆ ವೈರಿಯ ಮನೆಯಲ್ಲಿಯೇ ವಿವಾದ ಬಿತ್ತಿದಂತೆ. ಉದಾರತೆಯ ಮಾತಿನ ಹಿಂದೆ ಈ ಲೆಕ್ಕಾಚಾರವಿದ್ದಿತೆಂದು ಊಹಿಸುವುದು ತಪ್ಪಾಗಲಾರದು.

ಫಲವೇನು? ಅನ್ಯರು ಕಟ್ಟಿದ ಆ ಪಟ್ಟ ಬಾಳಲಿಲ್ಲ. ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವ ನೀತಿಯನ್ನು ಮುಂದೆ ರಾಮರಾಯನೂ ನಡೆಸಿದನು. 1565ರಲ್ಲಿ ಅವರೇ ಒಂದಾಗಿ ವಿಜಯನಗರವನ್ನು ಮುರಿದರು. ರಾಯಚೂರು, ಮುದಗಲ್ಲು ಕೋಟೆಗಳು ಬಿಜಾಪುರದ ಪಾಲಾದವು. ಗೆಲುವು ಶಾಶ್ವತವಾಗಿ ಉಳಿಯಲಿಲ್ಲ.

2003ರಲ್ಲಿ ಅಮೆರಿಕವು ಸಮೂಹನಾಶಕ ಅಸ್ತ್ರಗಳ ಕಾರಣ ಹೇಳಿ ಇರಾಕಿನ ಪ್ರಭುತ್ವವನ್ನು ಕಿತ್ತೆಸೆಯಿತು. ಹೇಳಿದ ಅಸ್ತ್ರಸಂಗ್ರಹ ಅಲ್ಲಿ ದೊರೆಯಲಿಲ್ಲ. ಕಾಲ ಬೇರೆ, ದೇಶ ಬೇರೆ, ಪ್ರಶ್ನೆ ಒಂದೇ. ಮಕ್ಕಳನ್ನು ರಾಯಚೂರು ಕೋಟೆಗೆ ಕರೆದೊಯ್ಯುವ ಅಧ್ಯಾಪಕರು ಗೆದ್ದವರ ಹೆಸರಿನ ಜೊತೆಗೆ, ಬೇಡವೆಂದ ಆ ಮಂತ್ರಿಗಳ ಮಾತನ್ನೂ ಹೇಳಲಿ. ಗೆದ್ದವರನ್ನು ಗೌರವಿಸುವುದಕ್ಕೂ ಅವರನ್ನು ಪ್ರಶ್ನಿಸುವುದಕ್ಕೂ ವಿರೋಧವಿಲ್ಲ.