‘ಶಿಕಾರಿ’ ಮತ್ತು ಉದ್ಯಮಸಂಸ್ಥೆಯ ನೈತಿಕ ನಿರ್ಣಯ

ಮುಂಬಯಿಯ ಬಾಂದ್ರಾದಲ್ಲಿ ಕನ್ನಡ ಅಭ್ಯಾಸಿಗೆ ಪ್ರಸ್ತುತವೆನಿಸುವ ಎರಡು ನೆಲೆಗಳಿವೆ. ಕಡಲಂಚಿನ ಬ್ಯಾಂಡ್‌ಸ್ಟ್ಯಾಂಡ್ ಪರಿಸರದಲ್ಲಿ ಯಶವಂತ ಚಿತ್ತಾಲರು (1928–2014) ಬಹುಕಾಲ ನೆಲೆಸಿದ್ದರು. ರೈಲು ಹಳಿಯ ಪೂರ್ವಕ್ಕಿರುವ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ, ಷೇರು ಮಾರುಕಟ್ಟೆಯ ಕಂಪನಿಗಳ ನಡವಳಿಕೆಯ ಮೇಲೆ ಕಣ್ಣಿಡುವ ಸೆಬಿಯ ಪ್ರಧಾನ ಕಚೇರಿಯಿದೆ. ಉದ್ಯಮಸಂಸ್ಥೆಯಲ್ಲಿ ನ್ಯಾಯವಾದ ನಿರ್ಣಯ ಹೇಗೆ ಸಾಧ್ಯ ಎಂಬ ಒಂದೇ ಪ್ರಶ್ನೆಯನ್ನು ಮೊದಲನೆಯ ನೆಲೆ ಕಾದಂಬರಿಯ ಮೂಲಕ, ಎರಡನೆಯದು ನಿಯಮಾವಳಿಯ ಮೂಲಕ ಎದುರಿಸಿವೆ. ಇವೆರಡನ್ನೂ ಎದುರುಬದುರಾಗಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದ ಚಿತ್ತಾಲರು ವೃತ್ತಿಯಿಂದ ಪಾಲಿಮರ್ ತಂತ್ರಜ್ಞರು. ಖಾಸಗಿ ಉದ್ಯಮವನ್ನು ಒಳಗಿನಿಂದ ಬಲ್ಲವರು. 1979ರಲ್ಲಿ ಪ್ರಕಟವಾದ ‘ಶಿಕಾರಿ’ಯ ನಾಯಕ ನಾಗಪ್ಪ ಮುಂಬಯಿಯ ಕಂಪನಿಯೊಂದರ ಹಿರಿಯ ಅಧಿಕಾರಿ. ಆತನನ್ನು ಹಠಾತ್ತನೆ ಅಮಾನತುಗೊಳಿಸಲಾಗುತ್ತದೆ. ತನ್ನ ಮೇಲಿರುವ ಆರೋಪದ ಸ್ವರೂಪವೇನು, ಅದರ ಹಿಂದೆ ಯಾರಿದ್ದಾರೆ ಎಂಬುದು ಅವನಿಗೆ ಸ್ಪಷ್ಟವಾಗಿ ತಿಳಿಯದು. ವಿಮರ್ಶೆಯು ಈ ಕೃತಿಯನ್ನು ಬಹುಮಟ್ಟಿಗೆ ವ್ಯಕ್ತಿಯ ಅಸ್ತಿತ್ವದ ಭಯ, ಪರಕೀಯತೆಗಳ ನೆಲೆಯಲ್ಲಿ ಓದಿದೆ. ಕಾಫ್ಕಾನೊಡನೆ ಹೋಲಿಸಿರುವುದೂ ಉಂಟು. ಆ ಓದು ಸರಿಯಾದುದೇ. ಆದರೆ ಒಂದು ಸಂಸ್ಥೆ ತನ್ನ ನೌಕರನೊಬ್ಬನ ಕುರಿತು ನಿರ್ಣಯ ಕೈಗೊಳ್ಳುವ ಬಗೆಯ ಸೂಕ್ಷ್ಮ ಅಧ್ಯಯನವಾಗಿಯೂ ಇದನ್ನು ಓದಲು ಅವಕಾಶವಿದೆ.

ಈ ದೃಷ್ಟಿಯಿಂದ ಮೊದಲು ಗಮನಿಸಬೇಕಾದುದು ಹೊಣೆಯ ವಿಭಜನೆ. ಉದ್ಯಮಸಂಸ್ಥೆಯಲ್ಲಿ ದೂರು ಹೇಳುವವನೊಬ್ಬ, ಕಡತ ಸಿದ್ಧಪಡಿಸುವವನು ಇನ್ನೊಬ್ಬ, ಸಹಿ ಮಾಡುವವನು ಮತ್ತೊಬ್ಬ. ಪ್ರತಿಯೊಬ್ಬನೂ ತನ್ನ ಪಾಲಿನ ಕೆಲಸವನ್ನಷ್ಟೇ ಮಾಡಿರುತ್ತಾನೆ. ಒಟ್ಟು ಪರಿಣಾಮಕ್ಕೆ ಮಾತ್ರ ಯಾರೂ ಬಾಧ್ಯರಲ್ಲ. ಎರಡನೆಯದು, ಉದ್ದೇಶದ ಮರೆಮಾಚುವಿಕೆ. ಮೇಲಧಿಕಾರಿಯ ಅಸೂಯೆ, ಹಳೆಯ ವೈಷಮ್ಯ, ಜಾತಿ-ಪ್ರಾಂತಗಳ ಪೂರ್ವಗ್ರಹಗಳು ಶಿಸ್ತಿನ ಭಾಷೆಯನ್ನು ತೊಟ್ಟುಕೊಂಡು ಬರುತ್ತವೆ. ಆಧುನಿಕ ಕಂಪನಿಯು ಊರಿನ ಜಗಲಿಯಿಂದ ತೀರ ದೂರದ್ದಲ್ಲವೆಂಬುದನ್ನು ನಾಗಪ್ಪನ ಊರ ಕಡೆಯವನಾದ ಶ್ರೀನಿವಾಸನ ಪಾತ್ರ ನೆನಪಿಸುತ್ತದೆ. ಮೂರನೆಯದು, ಖಾಸಗಿ ಬದುಕಿನ ಶೋಧ. ಕೆಲಸದಲ್ಲಿ ತಪ್ಪು ನಡೆದಿದೆಯೇ ಎಂಬ ಪ್ರಶ್ನೆ, ಈ ಮನುಷ್ಯ ಎಂಥವನು ಎಂಬ ಪ್ರಶ್ನೆಯಾಗಿ ಮಾರ್ಪಟ್ಟೊಡನೆ ವಿಚಾರಣೆ ಬೇಟೆಯಾಗುತ್ತದೆ. ಕಾದಂಬರಿಯ ಶೀರ್ಷಿಕೆಯ ಔಚಿತ್ಯ ಇಲ್ಲಿದೆ.

ನಾಗಪ್ಪನ ಅಸಹಾಯಕತೆಗೆ ಕಾನೂನಿನ ಹಿನ್ನೆಲೆಯೂ ಉಂಟು. ಅಂದು ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ‘ಕಾರ್ಮಿಕ’ನ ವ್ಯಾಖ್ಯೆಯಿಂದ ವ್ಯವಸ್ಥಾಪಕ ದರ್ಜೆಯವರನ್ನು ಹೊರಗಿಟ್ಟಿತ್ತು. 1946ರ ಸ್ಥಾಯೀ ಆದೇಶಗಳ ಕಾಯಿದೆಗೆ 1982ರಲ್ಲಿ ಬಂದ ತಿದ್ದುಪಡಿಯು ಅಮಾನತುಗೊಂಡ ಕಾರ್ಮಿಕನಿಗೆ ಮೊದಲ 90 ದಿನ ಅರ್ಧ ವೇತನವನ್ನೂ, ವಿಳಂಬ ಅವನಿಂದಾದುದಲ್ಲದಿದ್ದರೆ ಆಮೇಲೆ ಮುಕ್ಕಾಲು ವೇತನವನ್ನೂ ಜೀವನಾಧಾರ ಭತ್ಯೆಯಾಗಿ ಕೊಡಮಾಡಿತು. ಯಂತ್ರದ ಬಳಿ ನಿಂತವನಿಗೆ ಸಂಘವಿತ್ತು, ಕಾಯಿದೆಯಿತ್ತು. ಮೇಜಿನ ಹಿಂದೆ ಕುಳಿತವನಿಗೆ ನೇಮಕಾತಿ ಪತ್ರದ ಷರತ್ತುಗಳಷ್ಟೇ ಆಧಾರ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ದಲ್ಲಿ ಕಾರ್ಮಿಕ ಸಮೂಹದ ಹೋರಾಟ ಕಾಣಿಸಿದರೆ, ‘ಶಿಕಾರಿ’ಯಲ್ಲಿ ಹೋರಾಡುವವನು ಒಂಟಿ. ಮುಂಬಯಿ ಕನ್ನಡ ಕಾದಂಬರಿಯ ಈ ಎರಡು ಮಾದರಿಗಳ ವ್ಯತ್ಯಾಸಕ್ಕೆ ಲೇಖಕರ ಮನೋಧರ್ಮದಷ್ಟೇ ಈ ವಾಸ್ತವವೂ ಕಾರಣವಿರಬಹುದು.

ಕನ್ನಡದ ನೈತಿಕ ಪರಂಪರೆಯಲ್ಲಿ ದುಡಿಮೆಗೆ ಸಂಬಂಧಿಸಿದ ನಿರ್ಣಯದ ಒಂದು ಉಜ್ಜ್ವಲ ನಿದರ್ಶನ ಆಯ್ದಕ್ಕಿ ಲಕ್ಕಮ್ಮನದು. ಪತಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳುತ್ತಾಳೆ. ಇಲ್ಲಿ ತಪ್ಪನ್ನು ಕಂಡವಳು, ಆಡಿ ತೋರಿಸಿದವಳು, ಅದರ ಫಲವನ್ನು ತಾನೂ ಅನುಭವಿಸುವವಳು ಒಬ್ಬಳೇ. ಹೇಳಿಸಿಕೊಂಡವನು ಎದುರಿಗೇ ಇದ್ದಾನೆ. ಉದ್ಯಮಸಂಸ್ಥೆಯಲ್ಲಿ ಇವು ಹಂಚಿಹೋಗಿವೆ. ಆದ್ದರಿಂದ ವ್ಯಕ್ತಿಯ ಅಂತಃಸಾಕ್ಷಿಯೊಂದನ್ನೇ ನಂಬಿ ಕೂರುವಂತಿಲ್ಲ; ಲಕ್ಕಮ್ಮನ ಮಾತಿಗೆ ಸಂಸ್ಥೆಯೊಳಗೆ ಒಂದು ಸ್ಥಾನವನ್ನು ಕಲ್ಪಿಸಬೇಕಾಗುತ್ತದೆ.

ಬಾಂದ್ರಾದ ಎರಡನೆಯ ನೆಲೆ ಮಾಡಹೊರಟಿರುವುದು ಇದನ್ನೇ. 2013ರ ಕಂಪನಿ ಕಾಯಿದೆ ಮತ್ತು ಸೆಬಿಯ 2015ರ ನಿಯಮಾವಳಿಗಳ ಪ್ರಕಾರ, ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ಅಕ್ರಮಗಳ ಬಗ್ಗೆ ದೂರು ನೀಡಲು ಜಾಗೃತಿ ವ್ಯವಸ್ಥೆಯೊಂದನ್ನು ಹೊಂದಿರತಕ್ಕದ್ದು. ದೂರಿದವರಿಗೆ ಕಿರುಕುಳದಿಂದ ರಕ್ಷಣೆ ಇರತಕ್ಕದ್ದು. ಸೂಕ್ತ ಪ್ರಸಂಗಗಳಲ್ಲಿ ಅವರು ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರನ್ನು ನೇರವಾಗಿ ಕಾಣಬಹುದು. ಇದು ಸ್ವಾಗತಾರ್ಹವಾದ ಬೆಳವಣಿಗೆ.

ಆದರೆ ‘ಶಿಕಾರಿ’ಯ ಓದುಗನಲ್ಲಿ ಒಂದು ಸಂದೇಹ ಉಳಿಯುತ್ತದೆ. ಈ ವ್ಯವಸ್ಥೆಯು ಮುಖ್ಯವಾಗಿ ದೂರುವವನನ್ನು ಕಾಯುತ್ತದೆ; ನಾಗಪ್ಪನಾದರೋ ದೂರಿಗೆ ಗುರಿಯಾದವನು. ಸತ್ಯವನ್ನು ಹೊರಗೆಡಹಲು ತೆರೆದ ಬಾಗಿಲಿನಿಂದಲೇ ಚಾಡಿಯೂ ಒಳನುಗ್ಗಬಹುದು. ಹಾಗಾಗಿ ನಿರ್ಣಯ ನೈತಿಕವಾಗಲು ಸಹಜ ನ್ಯಾಯದ ಹಳೆಯ ತತ್ತ್ವಗಳೇ ಮತ್ತೆ ಬೇಕಾಗುತ್ತವೆ: ಆರೋಪವನ್ನು ಆರೋಪಿತನಿಗೆ ಸ್ಪಷ್ಟವಾಗಿ ತಿಳಿಸಬೇಕು, ಅವನ ಮಾತನ್ನು ಕೇಳಬೇಕು, ಫಲಿತಾಂಶದಲ್ಲಿ ಹಿತಾಸಕ್ತಿಯುಳ್ಳವನು ತೀರ್ಪುಗಾರನಾಗಬಾರದು, ನಿರ್ಣಯದ ಕಾರಣಗಳನ್ನು ಬರೆದಿಟ್ಟು, ಬರೆದವರು ಅದಕ್ಕೆ ಹೊಣೆಯಾಗಬೇಕು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ. ಬೇಕಾಗಿರುವುದು ಎದುರಿಗಿರುವವನು ಮನುಷ್ಯನೆಂಬ ಅರಿವು.

ಕಾನೂನು ಈ ಅರಿವನ್ನು ವಿಧಿಸಲಾರದು. ಸಾಹಿತ್ಯ ಅದನ್ನು ಬೆಳೆಸಬಲ್ಲದು. ಅಮಾನತಿನ ಪತ್ರವೊಂದು ಕಚೇರಿಯ ಕಡತದಲ್ಲಿ ಕೆಲವೇ ಸಾಲುಗಳ ಒಕ್ಕಣೆ. ಅದನ್ನು ಕೈಯಲ್ಲಿ ಹಿಡಿದವನ ಇರುಳು ಎಷ್ಟು ದೀರ್ಘವೆಂಬುದನ್ನು ಅರಿಯಲು ಚಿತ್ತಾಲರ ಕಾದಂಬರಿಯನ್ನು ಓದಬೇಕಾಗುತ್ತದೆ. ಅಂಥ ಪತ್ರಕ್ಕೆ ಮುಂದೊಂದು ದಿನ ಸಹಿ ಮಾಡಬೇಕಾಗಿ ಬರುವ ವಿದ್ಯಾರ್ಥಿಗಳಿಗೆ ಈ ಕೃತಿ ಸಾಹಿತ್ಯದ ಪಠ್ಯವಾಗಿರುವಂತೆ ವೃತ್ತಿಯ ಪಠ್ಯವೂ ಆಗಬಲ್ಲದು.