ಲಂಗರು ಹಾಕಿದ ದೋಣಿಯ ಬ್ಯಾಟರಿ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಮಲ್ಪೆಯ ಬಂದರಿನಲ್ಲಿ ದೋಣಿಗಳು ಒತ್ತೊತ್ತಾಗಿ ಲಂಗರು ಹಾಕಿ ನಿಂತಿರುತ್ತವೆ. ಆಗಸ್ಟ್ ತಿಂಗಳಲ್ಲಿ ಎಂಜಿನನ್ನು ಚಾಲೂ ಮಾಡಹೋದಾಗ ಬ್ಯಾಟರಿಯು ನಿಶ್ಶಕ್ತವಾಗಿರುವುದುಂಟು. ನಡುಗಡಲಿನಲ್ಲಿ ನಿಂತ ಎಂಜಿನನ್ನು ಮತ್ತೆ ಚಾಲೂ ಮಾಡುವುದಕ್ಕೂ, ಸಹಾಯ ಕೋರುವ ರೇಡಿಯೋಗೂ ಇದೇ ಆಧಾರವಾದುದರಿಂದ ಈ ದೋಷವನ್ನು ಅಲ್ಪವೆಂದು ಎಣಿಸಲಾಗದು. ಸುಮ್ಮನಿದ್ದ ಬ್ಯಾಟರಿ ಕೆಡಲು ಕಾರಣವೇನು?

ಸೀಸ-ಆಮ್ಲ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿಯು ನಿರ್ಮಿಸಿದನು. ಇದರ ಧನ ತಟ್ಟೆಯಲ್ಲಿ ಸೀಸದ ಡೈಆಕ್ಸೈಡ್, ಋಣ ತಟ್ಟೆಯಲ್ಲಿ ರಂಧ್ರಮಯವಾದ ಸೀಸ, ಇವೆರಡರ ನಡುವೆ ನೀರು ಬೆರೆಸಿದ ಗಂಧಕಾಮ್ಲ ಇರುತ್ತವೆ. ವಿದ್ಯುತ್ತನ್ನು ಒದಗಿಸುವಾಗ ಎರಡು ತಟ್ಟೆಗಳ ಮೇಲೂ ಸೀಸದ ಸಲ್ಫೇಟ್ ಉಂಟಾಗುತ್ತದೆ. ಆಮ್ಲವು ವ್ಯಯವಾಗಿ ನೀರು ಹೆಚ್ಚುತ್ತದೆ. ಚಾರ್ಜು ಮಾಡಿದಾಗ ಈ ಕ್ರಿಯೆಯು ಹಿಮ್ಮುಖವಾಗಿ ನಡೆಯುತ್ತದೆ.

ತಂತಿಗಳನ್ನು ಬಿಡಿಸಿಟ್ಟರೂ ಬ್ಯಾಟರಿಯೊಳಗೆ ಈ ಕ್ರಿಯೆಯು ನಿಧಾನವಾಗಿ ಸಾಗುತ್ತಲೇ ಇರುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ವೇಗವು ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ಇದರ ಜೊತೆಗೆ ದೋಣಿಯ ತಳದಲ್ಲಿ ಸೇರುವ ಮಳೆನೀರನ್ನು ಹೊರಹಾಕುವ ಪಂಪೂ ಇದೆ. ಅದು 3 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತ ದಿನಕ್ಕೆ ಒಂದು ಗಂಟೆ ನಡೆಯುತ್ತದೆಂದು ಭಾವಿಸೋಣ. 100 ಆಂಪಿಯರ್-ಗಂಟೆಯ ಬ್ಯಾಟರಿಯು ತಿಂಗಳೊಪ್ಪತ್ತಿನಲ್ಲಿಯೇ ಬರಿದಾಗುವುದು!

ಬರಿದಾಗುವುದಕ್ಕಿಂತ ಬರಿದಾಗಿಯೇ ಉಳಿಯುವುದು ಹೆಚ್ಚು ಅಪಾಯಕರ. ಹೊಸದಾಗಿ ಉಂಟಾದ ಸಲ್ಫೇಟಿನ ಹರಳುಗಳು ಅತಿ ಸೂಕ್ಷ್ಮವಾದುದರಿಂದ ಸುಲಭವಾಗಿ ಮರಳಿ ಸೀಸವಾಗುತ್ತವೆ. ಆದರೆ ವಾರಗಳು ಕಳೆದಂತೆ ಅವು ದೊಡ್ಡದಾಗಿ, ಗಟ್ಟಿಯಾಗಿ, ತಟ್ಟೆಯ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಅನಂತರ ಎಷ್ಟು ಚಾರ್ಜು ಮಾಡಿದರೂ ಬ್ಯಾಟರಿಯ ಮೊದಲಿನ ಶಕ್ತಿ ಪೂರ್ಣವಾಗಿ ಮರಳದು.

ಹಾಗಾದರೆ ಪರಿಹಾರವೇನು? ಧಕ್ಕೆಯಲ್ಲಿ ವಿದ್ಯುತ್ ಸೌಕರ್ಯವಿದ್ದಲ್ಲಿ, ಪೂರ್ಣ ಚಾರ್ಜಾದ 12 ವೋಲ್ಟ್ ಬ್ಯಾಟರಿಯನ್ನು ಸುಮಾರು 13.5 ವೋಲ್ಟ್ ಒತ್ತಡದಲ್ಲಿ ಇರಿಸಬೇಕು. ಇದಕ್ಕೆ ಫ್ಲೋಟ್ ಚಾರ್ಜಿಂಗ್ ಎಂದು ಹೆಸರು. ತಾನಾಗಿ ನಷ್ಟವಾದಷ್ಟೇ ವಿದ್ಯುತ್ತನ್ನು ಬ್ಯಾಟರಿಯು ಹೀರಿಕೊಳ್ಳುತ್ತದೆ. ಪಂಪಿನ ಬೇಡಿಕೆಯನ್ನು ಚಾರ್ಜರೇ ಪೂರೈಸುತ್ತದೆ. ಸೌಕರ್ಯವಿಲ್ಲದಿದ್ದರೆ ಪಂಪಿಗೆ ಬೇರೆ ಏರ್ಪಾಡು ಮಾಡಿ, ಬ್ಯಾಟರಿಯನ್ನು ದಡಕ್ಕೆ ತಂದು ತಿಂಗಳಿಗೊಮ್ಮೆ ಪೂರ್ಣವಾಗಿ ಚಾರ್ಜು ಮಾಡಬೇಕು.

ಅತಿಯಾದರೂ ಕೇಡೇ. 14.4 ವೋಲ್ಟಿಗಿಂತ ಹೆಚ್ಚಿನ ಒತ್ತಡದಲ್ಲಿ ದಿನಗಟ್ಟಲೆ ಬಿಟ್ಟರೆ ನೀರು ವಿಭಜಿಸಿ ಜಲಜನಕ, ಆಮ್ಲಜನಕಗಳು ಹೊರಬರುತ್ತವೆ. ಗಾಳಿಯಲ್ಲಿ ಜಲಜನಕದ ಪ್ರಮಾಣ ಶೇಕಡ 4ನ್ನು ಮುಟ್ಟಿದರೆ ಒಂದು ಕಿಡಿಯಿಂದಲೇ ಅದು ಹೊತ್ತಿಕೊಳ್ಳಬಲ್ಲದು. ಆದುದರಿಂದ ಬ್ಯಾಟರಿಯಿರುವ ಜಾಗದಲ್ಲಿ ಗಾಳಿಯಾಡುತ್ತಿರಬೇಕು. ಅಲ್ಲಿ ಬೀಡಿ, ಬೆಂಕಿ ಸಲ್ಲವು. ಕಡಿಮೆಯಾದ ನೀರಿನ ಬದಲಿಗೆ ಭಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ಸಮುದ್ರದ ನೀರು ಒಳಸೇರಿದರೆ ಅದರ ಉಪ್ಪಿನಿಂದ ವಿಷಕಾರಿಯಾದ ಕ್ಲೋರಿನ್ ಅನಿಲ ಹುಟ್ಟುತ್ತದೆ.

ನಿಮ್ಮ ಮನೆಯ ಇನ್ವರ್ಟರಿನಲ್ಲಿ ಸೀಸ-ಆಮ್ಲ ಬ್ಯಾಟರಿಯಿದ್ದರೆ ಅದಕ್ಕೂ ಈ ನಿಯಮವೇ ಅನ್ವಯಿಸುತ್ತದೆ. ಹಿರಿಯರ ಸಹಾಯದಿಂದ, ಕೆಲವು ಗಂಟೆ ಬಿಡುವು ಕೊಟ್ಟ ಬಳಿಕ ಅದರ ವೋಲ್ಟೇಜನ್ನು ಅಳೆದು ನೋಡಿರಿ. 12.7 ಇದ್ದರೆ ಅದು ತುಂಬಿದೆ, 12.2 ಇದ್ದರೆ ಅರ್ಧ ಬರಿದಾಗಿದೆ ಎಂದು ತಿಳಿಯಬಹುದು.