ಜಾಲತಾಣಕ್ಕೆ ಕಡತಗಳ ಸಾಗಣೆ: ಉದ್ದಿಮೆದಾರರು ಅರಿತಿರಬೇಕಾದ ವಿಷಯಗಳು

ವ್ಯಾಪಾರ ಸಂಸ್ಥೆಯೊಂದರ ಜಾಲತಾಣವೆಂದರೆ ದೂರದ ಗಣಕಯಂತ್ರವೊಂದರಲ್ಲಿ ಇರಿಸಲಾದ ಕಡತಗಳ ಸಮೂಹ. ಆ ಗಣಕಯಂತ್ರಕ್ಕೆ ವೆಬ್ ಸರ್ವರ್ ಎಂದು ಹೆಸರು. ಉತ್ಪನ್ನಗಳ ಛಾಯಾಚಿತ್ರ, ದರಪಟ್ಟಿ, ಸಂಸ್ಥೆಯ ವಿಳಾಸ ಮೊದಲಾದವು ಕಚೇರಿಯ ಗಣಕಯಂತ್ರದಲ್ಲಿ ಸಿದ್ಧಗೊಂಡು ಅಲ್ಲಿಂದ ಸರ್ವರ್‌ಗೆ ರವಾನೆಯಾಗುತ್ತವೆ. ಕಚೇರಿಯಲ್ಲಿರುವ ದರಪಟ್ಟಿಯನ್ನು ತಿದ್ದಿದ ಮಾತ್ರಕ್ಕೆ ಜಾಲತಾಣದಲ್ಲಿರುವ ಪಟ್ಟಿ ಬದಲಾಗುವುದಿಲ್ಲ. ತಿದ್ದಿದ ಪ್ರತಿಯನ್ನು ಮತ್ತೊಮ್ಮೆ ಸಾಗಿಸಬೇಕು. ಇದು ಸರಳ ಸಂಗತಿ. ಆದರೂ ಈ ಸಾಗಣೆಯ ದಾರಿ ಯಾವುದು, ಅದರ ಬೀಗದ ಕೈ ಯಾರಲ್ಲಿದೆ ಎಂಬುದನ್ನು ತಿಳಿದಿರುವ ಮಾಲೀಕರು ವಿರಳ. ಜಾಲತಾಣವನ್ನು ಕಟ್ಟಿಕೊಟ್ಟ ವ್ಯಕ್ತಿಗೇ ಎಲ್ಲವನ್ನೂ ಒಪ್ಪಿಸಿ ನಿಶ್ಚಿಂತರಾಗಿರುವುದು ವಾಡಿಕೆಯಾಗಿದೆ. ಗೋದಾಮಿನ ಕೀಲಿಯನ್ನು ಹೊರಗಿನವರ ಕೈಗೆ ಕೊಟ್ಟು ಮರೆಯುವ ವ್ಯಾಪಾರಿ ಯಾರೂ ಇರಲಾರರು; ಜಾಲತಾಣದ ವಿಷಯದಲ್ಲಿ ಮಾತ್ರ ಈ ಎಚ್ಚರ ಕಾಣುವುದಿಲ್ಲ.

ಕಡತ ಸಾಗಣೆಯ ಹಳೆಯ ವಿಧಾನ ಎಫ್‌ಟಿಪಿ. ಕಾನ್ಪುರದ ಐಐಟಿಯಲ್ಲಿ ಕಲಿತು ಅಮೆರಿಕದ ಎಂಐಟಿಯಲ್ಲಿದ್ದ ಅಭಯ್ ಭೂಷಣ್ ಅವರು ಇದರ ಮೊದಲ ವಿವರಣೆಯನ್ನು 1971ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು. 1985ರ ಅಕ್ಟೋಬರ್‌ನಲ್ಲಿ ಹೊರಬಂದ ಪರಿಷ್ಕೃತ ನಿಯಮಾವಳಿಯೇ ಇಂದಿಗೂ ಇದರ ಆಧಾರ. ಎಫ್‌ಟಿಪಿಯಲ್ಲಿ ಎರಡು ಪ್ರತ್ಯೇಕ ಸಂಪರ್ಕಗಳಿರುತ್ತವೆ. ಆಜ್ಞೆಗಳು 21ನೆಯ ಸಂಖ್ಯೆಯ ಪೋರ್ಟ್ ಮೂಲಕ ಹೋಗುತ್ತವೆ. ಕಡತಗಳು ಬೇರೊಂದು ಸಂಪರ್ಕದಲ್ಲಿ ಸಾಗುತ್ತವೆ. ಹೆಸರು ಮತ್ತು ಗುಪ್ತಪದವನ್ನು ಸರ್ವರ್ ಒಪ್ಪಿಕೊಂಡ ಮೇಲೂ ಕಡತಗಳ ಪಟ್ಟಿ ಕಾಣಿಸದೆ ತಂತ್ರಾಂಶ ನಿಂತುಬಿಡುವುದಕ್ಕೆ ಬಹುಪಾಲು ಇದೇ ಕಾರಣ: ಎರಡನೆಯ ಸಂಪರ್ಕವನ್ನು ಕಚೇರಿಯ ರೂಟರ್ ಅಥವಾ ಫೈರ್‌ವಾಲ್ ತಡೆದಿರುತ್ತದೆ. ತಂತ್ರಾಂಶದಲ್ಲಿ ಪ್ಯಾಸಿವ್ ಎಂಬ ವಿಧಾನವನ್ನು ಆರಿಸಿಕೊಂಡರೆ ಸಾಮಾನ್ಯವಾಗಿ ತೊಡಕು ನಿವಾರಣೆಯಾಗುತ್ತದೆ.

ಇದಕ್ಕಿಂತ ಗಂಭೀರವಾದ ದೋಷವೊಂದು ಎಫ್‌ಟಿಪಿಯಲ್ಲಿದೆ. ಅದು ರೂಪುಗೊಂಡ ಕಾಲದಲ್ಲಿ ಜಾಲವನ್ನು ಬಳಸುತ್ತಿದ್ದವರು ಕೆಲವೇ ವಿಶ್ವವಿದ್ಯಾಲಯ ಹಾಗೂ ಸಂಶೋಧನಾ ಸಂಸ್ಥೆಗಳವರು. ಪರಸ್ಪರ ನಂಬಿಕೆ ಇತ್ತು. ಆದುದರಿಂದ ಬಳಕೆದಾರನ ಹೆಸರು, ಗುಪ್ತಪದ ಹಾಗೂ ಕಡತಗಳೆಲ್ಲವೂ ಯಾವ ಮುಚ್ಚುಮರೆಯೂ ಇಲ್ಲದೆ, ಅಂಚೆ ಕಾರ್ಡಿನ ಬರಹದಂತೆ, ತೆರೆದೇ ಸಾಗುತ್ತವೆ. ದಾರಿಯಲ್ಲಿ ಇಣುಕಬಲ್ಲ ಯಾರಾದರೂ ಅವನ್ನು ಓದಬಹುದು. ಹೋಟೆಲಿನ ಅಥವಾ ವಿಮಾನ ನಿಲ್ದಾಣದ ಉಚಿತ ವೈಫೈನಲ್ಲಿ ಕುಳಿತು ಹಳೆಯ ಎಫ್‌ಟಿಪಿಯಿಂದ ದರಪಟ್ಟಿ ಕಳುಹಿಸುವುದೆಂದರೆ ಗುಪ್ತಪದವನ್ನು ಗಟ್ಟಿಯಾಗಿ ಕೂಗಿ ಹೇಳಿದಂತೆಯೇ ಸರಿ.

1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳನ್ನು ಹೀಗೆಯೇ ಕದ್ದುಕೇಳಿದ ಪ್ರಸಂಗ ನಡೆದ ಬಳಿಕ ಅಲ್ಲಿನ ತಾತು ಯ್ಲೋನೆನ್ ಅವರು ಎಸ್‌ಎಸ್‌ಎಚ್ ಎಂಬ ಗೂಢಲಿಪಿ ಆಧಾರಿತ ವ್ಯವಸ್ಥೆಯನ್ನು ರೂಪಿಸಿದರು. ಅದರ ಮೇಲೆ ನಿಂತ ಕಡತ ಸಾಗಣೆಯ ವಿಧಾನವೇ ಎಸ್‌ಎಫ್‌ಟಿಪಿ. ಇದು 22ನೆಯ ಪೋರ್ಟ್ ಅನ್ನು ಬಳಸುತ್ತದೆ, ಒಂದೇ ಸಂಪರ್ಕದಲ್ಲಿ ಎಲ್ಲವನ್ನೂ ಮುಗಿಸುತ್ತದೆ, ಮತ್ತು ಎಲ್ಲವನ್ನೂ ಮುಚ್ಚಿದ ಲಕೋಟೆಯಲ್ಲಿ ಕಳುಹಿಸುತ್ತದೆ. ಎಫ್‌ಟಿಪಿಎಸ್ ಎಂಬ ಮತ್ತೊಂದು ವಿಧಾನವಿದೆ. ಅದು ಹಳೆಯ ಎಫ್‌ಟಿಪಿಗೇ ಗೂಢಲಿಪಿಯ ಕವಚ ತೊಡಿಸಿದ್ದು. ಹೆಸರುಗಳು ಒಂದೇ ತೆರನಾಗಿದ್ದರೂ ಎರಡೂ ಬೇರೆ ಬೇರೆ. ಸರ್ವರ್ ಬಾಡಿಗೆಗೆ ಕೊಡುವ ಸಂಸ್ಥೆಯನ್ನು ಇವೆರಡರಲ್ಲಿ ಯಾವುದು ಲಭ್ಯವಿದೆಯೆಂದು ಕೇಳಿ ತಿಳಿಯಬೇಕು. ಎರಡೂ ಇಲ್ಲವೆಂದರೆ ಅಂತಹ ಸಂಸ್ಥೆಯನ್ನು ಬಿಡುವುದು ಲೇಸು. ಎಸ್‌ಎಫ್‌ಟಿಪಿಯಲ್ಲಿ ಮೊದಲ ಬಾರಿ ಸಂಪರ್ಕಿಸಿದಾಗ ತಂತ್ರಾಂಶವು ಸರ್ವರ್‌ನ ಗುರುತಿನ ಮುದ್ರೆಯನ್ನು ತೋರಿಸಿ ಒಪ್ಪಿಗೆ ಕೇಳುತ್ತದೆ. ಮುಂದೆ ಎಂದಾದರೂ ಆ ಮುದ್ರೆ ಬದಲಾಗಿದೆಯೆಂಬ ಎಚ್ಚರಿಕೆ ಬಂದರೆ ಸುಮ್ಮನೆ ಒಪ್ಪಿಗೆ ಒತ್ತದೆ, ಬದಲಾವಣೆಗೆ ಕಾರಣವೇನೆಂದು ಸಂಸ್ಥೆಯನ್ನು ವಿಚಾರಿಸಬೇಕು.

ದಾರಿ ಭದ್ರವಾಗಿದ್ದರೆ ಸಾಲದು, ಕೀಲಿ ಇರಿಸಿದ ಮನೆಯೂ ಭದ್ರವಾಗಿರಬೇಕು. 2009ರಲ್ಲಿ ಗಂಬ್ಲಾರ್ ಎಂಬ ಹೆಸರಿನ ದುಷ್ಟ ತಂತ್ರಾಂಶವು ಸೋಂಕಿತ ಗಣಕಯಂತ್ರಗಳಿಂದ ಎಫ್‌ಟಿಪಿ ಗುಪ್ತಪದಗಳನ್ನು ಕದ್ದು, ಅವುಗಳ ಮೂಲಕ ಜಾಲತಾಣಗಳ ಪುಟಗಳಿಗೆ ವಿಷವನ್ನು ಸೇರಿಸಿ, ಅಲ್ಲಿಗೆ ಭೇಟಿ ನೀಡಿದವರ ಗಣಕಯಂತ್ರಗಳಿಗೂ ಹರಡಿತು. ಜಾಲತಾಣದ ಮಾಲೀಕನಿಗೆ ತಿಳಿಯುವ ಮೊದಲೇ ಗ್ರಾಹಕರು ತೊಂದರೆಗೊಳಗಾದರು. ಲೆಕ್ಕಪತ್ರ, ಇ-ಮೇಲ್, ಮಕ್ಕಳ ಆಟ ಎಲ್ಲಕ್ಕೂ ಬಳಕೆಯಾಗುವ ಯಂತ್ರದಲ್ಲಿ ಸರ್ವರ್‌ನ ಗುಪ್ತಪದವನ್ನು ಉಳಿಸಿಡುವುದು ಸೂಕ್ತವಲ್ಲ. ಉಳಿಸಲೇಬೇಕಿದ್ದರೆ ತಂತ್ರಾಂಶದಲ್ಲಿರುವ ಮಾಸ್ಟರ್ ಪಾಸ್‌ವರ್ಡ್ ಸೌಲಭ್ಯವನ್ನು ಬಳಸತಕ್ಕದ್ದು.

ಸಾಗಣೆಯ ಕ್ರಮ ಕಷ್ಟದ್ದೇನಲ್ಲ. ಹಿಂದೆ ಕೆಲವರು ಬ್ರೌಸರ್‌ನಲ್ಲಿಯೇ ಎಫ್‌ಟಿಪಿ ವಿಳಾಸವನ್ನು ತೆರೆಯುತ್ತಿದ್ದರು. 2021ರಲ್ಲಿ ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡೂ ಆ ಸೌಲಭ್ಯವನ್ನು ತೆಗೆದುಹಾಕಿದವು. ಫೈಲ್‌ಜಿಲ್ಲಾ, ವಿನ್‌ಎಸ್‌ಸಿಪಿ ಎಂಬ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ; ಅವನ್ನು ಆಯಾ ತಯಾರಕರ ಅಧಿಕೃತ ತಾಣದಿಂದಲೇ ಪಡೆಯಬೇಕು. ಸರ್ವರ್‌ನ ವಿಳಾಸ, ಬಳಕೆದಾರನ ಹೆಸರು, ಗುಪ್ತಪದ ಮತ್ತು ಪೋರ್ಟ್ ಸಂಖ್ಯೆ, ಈ ನಾಲ್ಕನ್ನು ನಮೂದಿಸಿದರೆ ಪರದೆಯ ಎಡಭಾಗದಲ್ಲಿ ಕಚೇರಿಯ ಗಣಕಯಂತ್ರದ ಕಡತಗಳೂ ಬಲಭಾಗದಲ್ಲಿ ಸರ್ವರ್‌ನ ಕಡತಗಳೂ ಕಾಣುತ್ತವೆ. ಹಲವು ಸರ್ವರ್‌ಗಳಲ್ಲಿ ಪಬ್ಲಿಕ್ ಎಚ್‌ಟಿಎಂಎಲ್ ಎಂಬ ಹೆಸರಿನ ಕಡತಕೋಶದೊಳಗೆ ಇಟ್ಟದ್ದು ಮಾತ್ರ ಲೋಕಕ್ಕೆ ಕಾಣುತ್ತದೆ. ಅದರ ಹೊರಗಿಟ್ಟ ದರಪಟ್ಟಿ ಯಾರಿಗೂ ಕಾಣದು. ಅದರೊಳಗಿಟ್ಟ ಗ್ರಾಹಕರ ಬಾಕಿ ಪಟ್ಟಿ, ಯಾವ ಪುಟದಲ್ಲಿಯೂ ಕೊಂಡಿ ಇಲ್ಲದಿದ್ದರೂ, ವಿಳಾಸ ಊಹಿಸಿದ ಯಾರಿಗಾದರೂ ದೊರೆತೀತು. ‘ಸ್ವಲ್ಪ ಹೊತ್ತು ಇಲ್ಲಿರಲಿ’ ಎಂದು ಒಳಗಿನ ಕಾಗದಪತ್ರಗಳನ್ನು ಅಲ್ಲಿರಿಸುವುದು ಸಲ್ಲದು.

ಕಡತಗಳ ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ವಿಂಡೋಸ್ ಗಣಕಯಂತ್ರವು ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳಲ್ಲಿ ಭೇದವೆಣಿಸುವುದಿಲ್ಲ. ಬಹುತೇಕ ಸರ್ವರ್‌ಗಳಲ್ಲಿರುವ ಲಿನಕ್ಸ್ ಎಣಿಸುತ್ತದೆ. ಕಚೇರಿಯಲ್ಲಿ ಚೆನ್ನಾಗಿ ಕಂಡ ಪಂಪಿನ ಚಿತ್ರ ಜಾಲತಾಣದಲ್ಲಿ ಕಾಣದಿದ್ದರೆ ಮೊದಲು ಪರಿಶೀಲಿಸಬೇಕಾದದ್ದು ಇದನ್ನೇ. ಎಲ್ಲ ಹೆಸರುಗಳನ್ನೂ ಸಣ್ಣಕ್ಷರಗಳಲ್ಲಿ, ನಡುವೆ ಖಾಲಿ ಜಾಗ ಬಿಡದೆ ಇಡುವುದು ಕ್ಷೇಮ. ಕನ್ನಡ ಪಠ್ಯಕ್ಕೆ ಸಂಬಂಧಿಸಿ ಇನ್ನೊಂದು ತೊಡಕಿದೆ. ನುಡಿ ಅಥವಾ ಬರಹದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಪಠ್ಯವು ಯೂನಿಕೋಡ್ ಅಲ್ಲವಾದ್ದರಿಂದ, ಆ ವಿನ್ಯಾಸವಿಲ್ಲದ ಗ್ರಾಹಕನಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಇದು ಸಾಗಣೆಯ ತಪ್ಪಲ್ಲ. ಕಳುಹಿಸುವ ಮುನ್ನವೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಸಾಗಣೆಯಲ್ಲಿಯೇ ಕೆಡುವ ಸಂದರ್ಭವೂ ಉಂಟು. ಎಫ್‌ಟಿಪಿಗೆ ಪಠ್ಯ ವಿಧಾನ, ಬೈನರಿ ವಿಧಾನ ಎಂಬ ಎರಡು ರೀತಿಗಳಿವೆ. ಪಠ್ಯ ವಿಧಾನದಲ್ಲಿ ಪ್ರತಿ ಸಾಲಿನ ಕೊನೆಯ ಗುರುತನ್ನು, ವಿಂಡೋಸ್‌ನಲ್ಲಿ ಎರಡು ಬೈಟ್ ಆಗಿರುವುದನ್ನು ಲಿನಕ್ಸ್‌ನ ಒಂದು ಬೈಟ್‌ಗೆ, ಬದಲಾಯಿಸಲಾಗುತ್ತದೆ. ಛಾಯಾಚಿತ್ರ ಅಥವಾ ಪಿಡಿಎಫ್ ಈ ವಿಧಾನದಲ್ಲಿ ಹೋದರೆ ಒಳಗಿನ ಬೈಟ್‌ಗಳು ಕಳಚಿಹೋಗಿ ಕಡತ ತೆರೆಯದಂತಾಗುತ್ತದೆ. ಸರ್ವರ್‌ನಲ್ಲಿರುವ ಚಿತ್ರದ ಗಾತ್ರವು ಮೂಲದ ಗಾತ್ರಕ್ಕಿಂತ ತುಸು ಕಡಿಮೆಯಿದ್ದರೆ ಈ ಸಂಶಯ ಪಡಬಹುದು. ಬೈನರಿಯನ್ನೇ ಖಾಯಂ ಮಾಡಿಕೊಂಡರೆ ಈ ಭಯವಿಲ್ಲ.

ಸಮಯದ ಅಂದಾಜೂ ಇರಬೇಕು. ಹಲವು ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಕಳುಹಿಸುವ ವೇಗ ಪಡೆಯುವ ವೇಗಕ್ಕಿಂತ ಕಡಿಮೆ. ವೇಗವನ್ನು ಬಿಟ್‌ಗಳಲ್ಲಿ, ಕಡತವನ್ನು ಬೈಟ್‌ಗಳಲ್ಲಿ ಅಳೆಯುತ್ತಾರೆ, ಒಂದು ಬೈಟ್‌ಗೆ 8 ಬಿಟ್. ತಲಾ 4 ಮೆಗಾಬೈಟ್‌ನ 40 ಚಿತ್ರಗಳಿಗೆ, ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ, ಹತ್ತು ನಿಮಿಷಕ್ಕೂ ಹೆಚ್ಚು ಬೇಕು. ಚಿತ್ರಗಳನ್ನು ಮೊದಲೇ ಕಿರಿದಾಗಿಸಿದರೆ ಗ್ರಾಹಕನಿಗೂ ಪುಟ ಬೇಗ ತೆರೆಯುತ್ತದೆ.

ಸರ್ವರ್‌ನಲ್ಲಿ ಅಳಿಸಿದ ಕಡತವು ಕಚೇರಿಯ ಗಣಕಯಂತ್ರದ ಕಸದ ಬುಟ್ಟಿಗೆ ಬೀಳುವುದಿಲ್ಲ. ಸಾಮಾನ್ಯವಾಗಿ ಅದು ಹೋದದ್ದೇ. ಅದೇ ಹೆಸರಿನ ಹೊಸ ಕಡತ ಕಳುಹಿಸಿದರೆ ಹಳೆಯದು ಅಳಿದು ಹೋಗುತ್ತದೆ. ಎರಡೂ ಕಡೆಗಳನ್ನು ಒಂದೇ ಆಗಿಸುವ ಆಜ್ಞೆಯನ್ನು ತಪ್ಪು ದಿಕ್ಕಿನಲ್ಲಿ ಕೊಟ್ಟರೆ ಇಡೀ ತಾಣವೇ ಕಣ್ಮರೆಯಾದೀತು. ಆದ್ದರಿಂದ ಬದಲಾವಣೆಗೆ ಮುನ್ನ ಸರ್ವರ್‌ನಲ್ಲಿರುವುದನ್ನು ದಿನಾಂಕ ಹೆಸರಿಸಿದ ಕಡತಕೋಶಕ್ಕೆ ಇಳಿಸಿಕೊಳ್ಳುವುದು ರೂಢಿಯಾಗಬೇಕು. ದೊಡ್ಡ ಕಡತವನ್ನು ಬೇರೆ ಹೆಸರಿನಲ್ಲಿ ಕಳುಹಿಸಿ, ಪೂರ್ಣಗೊಂಡ ಮೇಲೆ ಹೆಸರು ಬದಲಿಸಿದರೆ, ನಡುವೆ ವಿದ್ಯುತ್ ಹೋದರೂ ಗ್ರಾಹಕನಿಗೆ ಅರ್ಧ ಕ್ಯಾಟಲಾಗ್ ಕಾಣುವುದಿಲ್ಲ. ಕಡತಗಳ ಅನುಮತಿ ಸಂಖ್ಯೆ ಸಾಮಾನ್ಯವಾಗಿ 644, ಕಡತಕೋಶಗಳದು 755 ಇರಬೇಕು. ಏನೋ ಕೆಲಸ ಮಾಡುತ್ತಿಲ್ಲವೆಂದು 777 ಮಾಡಿ ಬಿಡುವವರಿದ್ದಾರೆ. ಆ ಸರ್ವರ್‌ನಲ್ಲಿ ಖಾತೆಯುಳ್ಳ ಯಾರಾದರೂ ಬಂದು ಬರೆಯಬಹುದೆಂಬುದೇ ಅದರ ಅರ್ಥ.

ಇನ್ನು ಕೀಲಿಯ ಪ್ರಶ್ನೆ. ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದು ನೋಂದಾಯಿತ ಕಚೇರಿಯನ್ನು ರಾಜಾಜಿನಗರದಿಂದ ಪೀಣ್ಯಕ್ಕೆ ಸ್ಥಳಾಂತರಿಸಿತೆಂದು ಭಾವಿಸಬಹುದು. 2014ರ ಕಂಪನಿಗಳ ನಿಯಮಗಳಿಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಜಾಲತಾಣವುಳ್ಳ ಕಂಪನಿಯು ಅದರ ಮುಖಪುಟದಲ್ಲಿ ತನ್ನ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಗುರುತಿನ ಸಂಖ್ಯೆ, ದೂರವಾಣಿ, ಇ-ಮೇಲ್ ಮತ್ತು ಸಂಪರ್ಕಿಸಬೇಕಾದ ವ್ಯಕ್ತಿಯ ಹೆಸರನ್ನು ಪ್ರಕಟಿಸಬೇಕು. ತಾಣ ನಿರ್ಮಿಸಿದ ಯುವಕ ಊರು ಬಿಟ್ಟಿದ್ದು, ಗುಪ್ತಪದ ಅವನಲ್ಲಿ ಮಾತ್ರವಿದ್ದರೆ, ವಿಳಾಸದ ಎರಡು ಸಾಲು ತಿದ್ದುವುದೂ ಅಸಾಧ್ಯ. ತಾಣಕ್ಕೆ ಯಾರಾದರೂ ನುಗ್ಗಿ ಪುಟ ಕೆಡಿಸಿದರೆ ಸ್ಥಿತಿ ಇನ್ನೂ ಬಿಗಡಾಯಿಸುತ್ತದೆ: 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ ಅಂತಹ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಕಂಪನಿಗಳೂ ಇದರ ವ್ಯಾಪ್ತಿಯಲ್ಲಿವೆ. ಆರು ಗಂಟೆಯಲ್ಲಿ ಗುಪ್ತಪದ ಹುಡುಕುತ್ತ ಕುಳಿತರೆ ಆಗದು. ಹೀಗಾಗಿ ಸರ್ವರ್ ಬಾಡಿಗೆಯ ಖಾತೆಯೂ ಡೊಮೈನ್ ಹೆಸರಿನ ನೋಂದಣಿಯೂ ಸಂಸ್ಥೆಯ ಹೆಸರು ಮತ್ತು ಸಂಸ್ಥೆಯ ಇ-ಮೇಲ್‌ನಲ್ಲಿಯೇ ಇರತಕ್ಕದ್ದು. ನಿರ್ವಾಹಕನಿಗೆ ಮುಖ್ಯ ಗುಪ್ತಪದದ ಬದಲು, ಬೇಕಾದ ಕಡತಕೋಶಕ್ಕಷ್ಟೇ ಪ್ರವೇಶವುಳ್ಳ ಪ್ರತ್ಯೇಕ ಖಾತೆಯನ್ನು ತೆರೆದುಕೊಡಬಹುದು. ಆತ ಕೆಲಸ ಬಿಟ್ಟ ದಿನವೇ ಅದನ್ನು ಮುಚ್ಚಬೇಕು.

ಕಡತಗಳನ್ನೆಲ್ಲ ಇಳಿಸಿಕೊಂಡ ಮಾತ್ರಕ್ಕೆ ತಾಣದ ಪೂರ್ಣ ಪ್ರತಿ ಕೈಸೇರಿತೆಂದು ತಿಳಿಯಬಾರದು. ವರ್ಡ್‌ಪ್ರೆಸ್‌ನಂತಹ ವ್ಯವಸ್ಥೆಯಲ್ಲಿ ಕಟ್ಟಿದ ತಾಣದ ಪಠ್ಯ, ದರ ಹಾಗೂ ಆದೇಶಗಳು ಕಡತಗಳಲ್ಲಿರದೆ ದತ್ತಸಂಚಯದಲ್ಲಿರುತ್ತವೆ. ಅದನ್ನು ಸರ್ವರ್‌ನ ನಿಯಂತ್ರಣ ಫಲಕದಿಂದ ಪ್ರತ್ಯೇಕವಾಗಿ ಇಳಿಸಿಕೊಂಡು, ಕಡತಗಳ ಪ್ರತಿಯೊಂದಿಗೆ ಅದೇ ದಿನಾಂಕದ ಕೋಶದಲ್ಲಿ ಇರಿಸಬೇಕು.